ಪಟ್ಟಿಮೇಷ್ಟ್ರ ಮೂರನೆಯ ಪಟ್ಟಿ

ಅಂಗಡಿಗೆ ಬಂದವರನ್ನು ನಾನು ಮೊದಲು ಕಣ್ಣಲ್ಲಿ ಅಳೆಯುತ್ತೇನೆ, ಟೇಪು ಆಮೇಲೆ. ಅವತ್ತು ಬಂದವರ ಭುಜ ಅಗಲ, ಸೊಂಟ ಸಣ್ಣ, ಕತ್ತು ತುಸು ಬಲಕ್ಕೆ ವಾಲಿದ್ದು. ಬೂಟು ಹಳೆಯದು, ಪಾಲಿಷು ಹೊಸದು. ಅಂದರೆ ಇದ್ದದ್ದನ್ನೇ ತಿಕ್ಕಿ ತಿಕ್ಕಿ ಬಾಳಿಸುವ ಪೈಕಿ. ಅಂಗಿಯ ಎರಡನೇ ಗುಂಡಿ ಒಮ್ಮೆ ಕಿತ್ತುಹೋಗಿ ಮತ್ತೆ ಕೂತದ್ದು. ಹೊಲಿಗೆ ಅವರದೇ ಕೈಯದು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಮಗಳ ಕೈಗಿಂತ ನೀಟು. ಇಂಥವರಿಂದ ಅಂಗಡಿ ನಡೆಯುವುದಿಲ್ಲ. ತೋಳಿನ ಮೇಲೆ ಎರಡು ಪಟ್ಟಿ, ಮುಖದ ಮೇಲೆ ಮೂರನೆಯದರ ಲೆಕ್ಕಾಚಾರ. ಒಂದು ಜೊತೆ ಬೂಟಿನ ದಾರಕ್ಕಿಂತ ಹೆಚ್ಚಿಗೆ ಏನೂ ಕೊಳ್ಳುವ ಆಸಾಮಿಯಲ್ಲ ಎಂದು ಅಂದಾಜು ಹಾಕಿದೆ. ದಾರದ ವಿಷಯದಲ್ಲಿ ನನ್ನ ಅಂದಾಜು ಸರಿಯಾಗಿಯೇ ಇತ್ತು. ಉಳಿದದ್ದರಲ್ಲೆಲ್ಲ ತಪ್ಪಿತು.

ನನ್ನ ಅಂಗಡಿ ಸೇನಾ ಶಿಬಿರದ ಹೆಬ್ಬಾಗಿಲಿಗೆ ಎದುರಾಗಿದೆ. ಪಾಲಿಷು ಡಬ್ಬಿ, ಹಿತ್ತಾಳೆ ಗುಂಡಿ, ಬೆಲ್ಟು, ಕಾಲುಚೀಲ, ಹೊಲಿಗೆ, ಇಸ್ತ್ರಿ, ಇವೆಲ್ಲ ಹೊಟ್ಟೆಪಾಡು. ನಿಜವಾದ ಸರಕು ಗಾಜಿನ ಪೆಟ್ಟಿಗೆಯಲ್ಲಿರುವ ತೋಳಿನ ಪಟ್ಟಿಗಳು. ಸಿಪಾಯಿಯಾಗಿ ಸೇರಿದವನ ತೋಳು ಮೊದಲು ಬೋಳಾಗಿರುತ್ತದೆ. ಬಡ್ತಿ ಸಿಕ್ಕ ಹಾಗೆಲ್ಲ ಒಂದು, ಎರಡು, ಮೂರು ಎಂದು ಪಟ್ಟಿ ಏರುತ್ತವೆ. ಅಂಗೈಯಗಲದ ಬಟ್ಟೆ ಚೂರಿಗೆ ಅಷ್ಟು ದೊಡ್ಡ ಗಂಡಸರು ಹೀಗೆ ಬಾಯಿ ಬಿಡುವುದನ್ನು ನಾನು ಬೇರೆ ಯಾವ ವ್ಯಾಪಾರದಲ್ಲೂ ಕಂಡಿಲ್ಲ. ಆದರೂ ಬಡ್ತಿಯ ಆದೇಶ ಶಿಬಿರದ ಹಲಗೆಗೆ ಬೀಳುವವರೆಗೆ ಯಾರೂ ಪೆಟ್ಟಿಗೆಯ ಹತ್ತಿರ ಕೈ ಚಾಚುವುದಿಲ್ಲ. ಮುಂಚೆ ಮುಟ್ಟಿದರೆ ಬಡ್ತಿ ಕೈ ತಪ್ಪಿಹೋಗುತ್ತದಂತೆ. ಬಂದೂಕಿನ ಗುಂಡಿಗೆ ಹೆದರದವರು ನನ್ನ ಗಾಜಿನ ಪೆಟ್ಟಿಗೆಗೆ ಹೆದರುತ್ತಾರೆ.

ನನ್ನ ಅಳಿಯನೂ ಅದೇ ಶಿಬಿರದಲ್ಲಿ ಎರಡು ಪಟ್ಟಿಯವನು. ಆ ದರ್ಜೆಯವರಿಗೆ ಸಂಸಾರದ ಮನೆ ಕೊಡುವುದಿಲ್ಲ. ಅದಕ್ಕೇ ಅವನು ಬ್ಯಾರಕ್ಕಿನಲ್ಲಿ, ನನ್ನ ಮಗಳು ಅಂಗಡಿಯ ಹಿಂದಿನ ನನ್ನ ಮನೆಯಲ್ಲಿ. ಮದುವೆ ಮಾಡಿಕೊಟ್ಟ ಮೇಲೂ ಮಗಳನ್ನು ಮನೆಯಲ್ಲೇ ಇಟ್ಟುಕೊಂಡ ಜಾಣ ಎಂದು ಎದುರಿನ ಕ್ಷೌರದಂಗಡಿಯವನು ನನ್ನನ್ನು ಆಡಿಕೊಳ್ಳುತ್ತಿದ್ದ.

ದಾರ ಕೊಂಡ ಆ ಮನುಷ್ಯರು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಬೂಟಿಗೆ ಅದನ್ನು ಪೋಣಿಸಿಕೊಂಡರು. ಮುಂದಿನ ವಾರವೂ ಬಂದು ಕೂತರು. ಅದರ ಮುಂದಿನ ವಾರ ಅವರ ಸುತ್ತ ನಾಲ್ಕು ಜನ ನಿಂತಿದ್ದರು. ಕೆಲವೇ ತಿಂಗಳಲ್ಲಿ ನನ್ನ ಬೆಂಚು ಪಾಠಶಾಲೆಯಾಯಿತು, ಅವರಿಗೆ ಪಟ್ಟಿಮೇಷ್ಟ್ರು ಎಂದು ಹೆಸರು ಬಿತ್ತು. ಯಾರು ಯಾವ ಕೋರ್ಸಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು, ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ, ಯಾವ ಅಧಿಕಾರಿಯ ಕೈಕೆಳಗಿದ್ದರೆ ಒಳ್ಳೆಯ ಶಿಫಾರಸು ಬರುತ್ತದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು.

"ಮೇಷ್ಟ್ರೇ, ಡ್ರೈವರ್ ಕೋರ್ಸಿಗೆ ಹೆಸರು ಕೊಡು ಅಂತಿದಾರೆ. ಹೋಗ್ಲಾ?" ಎಂದು ಒಬ್ಬ ಕೇಳಿದ.

"ನಿನಗೆ ಬೇಕಾಗಿರೋದು ಗಾಡಿನೋ, ಪಟ್ಟಿನೋ?"

"ಎರಡೂ ಬೇಕು ಮೇಷ್ಟ್ರೇ."

"ಹಾಗಾದ್ರೆ ನಕ್ಷೆ ಓದೋ ಪರೀಕ್ಷೆ ಮೊದಲು ಮುಗಿಸು. ಗಾಡಿ ಕಲಿತೆ ಅಂದ್ಕೋ, ದೊಡ್ಡ ಸಾಹೇಬರ ಹೆಂಡತೀನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿ ಬಂದು ಮಾಡೋದರಲ್ಲೇ ನಿನ್ನ ಸರ್ವಿಸ್ ಮುಗಿಯತ್ತೆ. ತರಕಾರಿ ಬೆಲೆ ಚೆನ್ನಾಗಿ ಗೊತ್ತಾಗತ್ತೆ. ಅದಕ್ಕೆ ಪಟ್ಟಿ ಕೊಡಲ್ಲ."

ಸುತ್ತ ನಿಂತವರು ನಕ್ಕರು. ಕೇಳಿದವನು ನಕ್ಷೆಯ ಪರೀಕ್ಷೆಗೆ ಕೂತ, ಪಾಸಾದ, ಒಂದು ದಿನ ನನ್ನ ಗಾಜಿನ ಪೆಟ್ಟಿಗೆಯ ಮುಂದೆ ಎದೆಯುಬ್ಬಿಸಿ ನಿಂತ. ಅಂಥವರೆಲ್ಲ ಮೊದಲು ಮೇಷ್ಟ್ರ ಹತ್ತಿರ ಬರುತ್ತಿದ್ದರು. ಅವರು ಹೊಸ ಪಟ್ಟಿಯನ್ನು ಅವನ ತೋಳಿಗಿಟ್ಟು, ಭುಜದ ಹೊಲಿಗೆಯಿಂದ ತಮ್ಮ ನಾಲ್ಕು ಬೆರಳು ಇಳಿಸಿ, "ಇಲ್ಲಿ" ಎಂದು ನನ್ನ ಮಗಳಿಗೆ ತೋರಿಸುತ್ತಿದ್ದರು. ಅದೊಂದು ಪದ್ಧತಿಯೇ ಆಗಿಬಿಟ್ಟಿತು. ಅಳತೆಯ ಟೇಪು ನನ್ನ ಕತ್ತಿನಲ್ಲೇ ನೇತಾಡುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ನನ್ನ ಅಳಿಯ ಅವರ ಶಿಷ್ಯರಲ್ಲಿ ಮುಂದಿನ ಸಾಲಿನವನು. ಆಸ್ಪತ್ರೆಯ ಸಹಾಯಕ ಇನ್ನೊಬ್ಬ. ತಲೆನೋವೆಂದರೂ ಕಾಲುಳುಕೆಂದರೂ ಒಂದೇ ಡಬ್ಬಿ ತೆಗೆಯುತ್ತಿದ್ದುದರಿಂದ ಅವನನ್ನು ಎಲ್ಲರೂ ಮುಲಾಮು ಎನ್ನುತ್ತಿದ್ದರು. ಸಗಟು ವ್ಯಾಪಾರಿಗಳು ಮುಂದಿನ ವರ್ಷದ ಸರಕನ್ನು ಈಗಲೇ ಯೋಚಿಸುವ ಹಾಗೆ ಮೇಷ್ಟ್ರು ಇವರೆಲ್ಲರ ಮುಂದಿನ ಬದುಕನ್ನು ಯೋಚಿಸುತ್ತಿದ್ದರು. ಇಷ್ಟು ತಲೆಯಿರುವ ಮನುಷ್ಯ ತಾನೇಕೆ ಎರಡರಲ್ಲೇ ನಿಂತರು ಎಂಬುದು ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಮೇಷ್ಟ್ರೇ, ಊರಿಗೆಲ್ಲ ಹೆಣ್ಣು ಹುಡುಕಿಕೊಟ್ಟು ತಾನು ಬ್ರಹ್ಮಚಾರಿಯಾಗಿ ಉಳಿದ ದಲ್ಲಾಳಿ ಥರ ಆಯ್ತಲ್ಲ ನಿಮ್ಮ ಕಥೆ."

ಅವರು ನನ್ನ ಬಾಯನ್ನೇ ನೋಡುತ್ತಿದ್ದವರು ನಕ್ಕರು. "ನನ್ನ ಯೋಜನೆ ಚೆನ್ನಾಗೇ ಇತ್ತು ಯಜಮಾನ್ರೇ. ಅದು ಚೆನ್ನಾಗಿದ್ದದ್ದೇ ತೊಂದ್ರೆ."

ಆಗ ಹೇಳಿದರು. ಗುಂಡು ಹಾರಿಸುವುದನ್ನು ಹೇಳಿಕೊಡುವ ಬೋಧಕನಾದರೆ ಬಡ್ತಿಯ ದಾರಿ ಹತ್ತಿರವಾಗುತ್ತದೆ. ಸ್ವಲ್ಪ ಕಾಲ ಗುಂಡಿನ ಅಭ್ಯಾಸದ ಮೈದಾನದಲ್ಲಿದ್ದು, ಒಳ್ಳೆಯ ಮಾತು ಬರೆಸಿಕೊಂಡು, ತುಕಡಿಗೆ ವಾಪಸಾಗಿ ಮೂರನೇ ಪಟ್ಟಿ ಪಡೆಯುವುದು ಅವರ ಲೆಕ್ಕ. ಆದರೆ ಅವರ ಕೈಯಲ್ಲಿ ಕಲಿತವರೆಲ್ಲ ಗುರಿಗಾರರಾದರು. ಅಂಥ ಬೋಧಕರನ್ನು ಮೈದಾನದ ಅಧಿಕಾರಿ ಬಿಟ್ಟುಕೊಡಲಿಲ್ಲ. ಒಬ್ಬ ಹೋದ, ಇನ್ನೊಬ್ಬ ಬಂದ, ಅವನೂ ಬಿಡಲಿಲ್ಲ. ನನಗೆ ಅರ್ಥವಾಯಿತು. ಒಳ್ಳೆಯ ದರ್ಜಿಯನ್ನು ನಾನು ಯಾವತ್ತಾದರೂ ರಜೆ ಕೊಟ್ಟು ಕಳಿಸಿದ್ದೇನೆಯೇ?

ವರ್ಷಗಟ್ಟಲೆ ಮೇಷ್ಟ್ರು ಹೊಸಬರ ಭುಜದ ಪಕ್ಕ ಕುಕ್ಕರಗಾಲಲ್ಲಿ ಕೂತು ಗುಂಡು ಹಾರಿಸುವುದನ್ನು ಹೇಳಿಕೊಟ್ಟರು. ಬಂದೂಕಿನ ಬಾಯಿ ಅವರ ಕಿವಿಯಿಂದ ಒಂದು ಮಾರಿನಷ್ಟು ದೂರ. ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದಿತ್ತು. ಆದರೆ ಅಲ್ಲಿ ಹತ್ತಿ ಇಟ್ಟುಕೊಂಡ ಬೋಧಕನನ್ನು ಬಾಣಂತಿ ಎಂದು ಕರೆಯುತ್ತಿದ್ದರು. ಮೇಷ್ಟ್ರೂ ಒಂದು ಕಾಲದಲ್ಲಿ ಇನ್ಯಾರನ್ನೋ ಹಾಗೇ ಕರೆದು ನಕ್ಕಿದ್ದರಂತೆ.

ಅವರ ಕಿವಿಯ ಸಂಗತಿ ನನಗೆ ತಿಳಿದದ್ದು ವ್ಯಾಪಾರದ ದಾರಿಯಿಂದ. ಒಂದು ಮಧ್ಯಾಹ್ನ ದಾರ ಕೇಳಿದರು. ನಾನು ಬೆನ್ನು ತಿರುಗಿಸಿ ಮೇಲಿನ ಡಬ್ಬಿ ಇಳಿಸುತ್ತಾ ತಮಾಷೆಗೆಂದು ಎರಡರಷ್ಟು ಬೆಲೆ ಹೇಳಿದೆ. ಉತ್ತರವಿಲ್ಲ. ಮೂರರಷ್ಟು ಹೇಳಿದೆ. ಸದ್ದಿಲ್ಲ. ಮೂರುಪಟ್ಟು ಬೆಲೆಗೆ ಸುಮ್ಮನಿರುವ ಸಿಪಾಯಿ ಒಂದೋ ಪ್ರೇಮದಲ್ಲಿ ಬಿದ್ದಿರಬೇಕು, ಇಲ್ಲವೇ ಕಿವುಡನಾಗಿರಬೇಕು. ತಿರುಗಿ ನೋಡಿದೆ. ಅವರು ನನ್ನ ಬೆನ್ನನ್ನು ನೋಡುತ್ತಾ ವಿಧೇಯರಾಗಿ ನಿಂತಿದ್ದರು, ಮಾತು ಇನ್ನೂ ಶುರುವಾಗಿಲ್ಲವೆಂಬಂತೆ.

"ಯಾವಾಗಿಂದ?" ಎಂದೆ, ಮುಖ ಎದುರಿಗಿಟ್ಟು.

ಅವರು ಬೀದಿಯ ಕಡೆ ಒಮ್ಮೆ ನೋಡಿ ಬಾಗಿಲ ಪರದೆ ಎಳೆದರು. "ಗಂಡಸರ ದಪ್ಪ ದನಿ ಎದುರಿಗಿದ್ರೆ ಇನ್ನೂ ಅಷ್ಟಿಷ್ಟು ಕೇಳಿಸತ್ತೆ. ಸಣ್ಣ ದನಿ ಮೊದಲು ಹೋಯ್ತು. ಶಿಳ್ಳೆ, ಹಕ್ಕಿ, ಹೆಂಗಸರು, ಮಕ್ಕಳು." ಪರದೆಯ ಅಂಚು ಸರಿಪಡಿಸಿ, "ನಿಮ್ಮ ಅಳಿಯನಿಗೂ ಇದೇ ಮೂರನೇ ಪಟ್ಟಿ ಬೇಕು. ಇರೋದು ಒಂದೇ ಜಾಗ. ಅದು ಗೊತ್ತಿದ್ದೂ ನಿಮ್ಮ ಮುಂದೆ ಹೇಳ್ತಿದೀನಿ" ಎಂದರು.

"ನಾನು ಬಾಯಿ ಬಿಟ್ರೆ?"

"ಬಿಡಿ. ನಂಗೇನೂ ಕೇಳಿಸಲ್ಲ."

ನಾನು ಬಾಯಿ ಬಿಡಲಿಲ್ಲ. ದಾರಕ್ಕೆ ಎಂದಿನ ಬೆಲೆಯನ್ನೇ ತೆಗೆದುಕೊಂಡೆ.

ಅಲ್ಲಿಂದ ಮುಂದೆ ನಾನು ಅವರ ಕಿವಿಯಾದೆ. ಬ್ಯಾರಕ್ಕಿನೊಳಗೆ ಯಾರೂ ಫೋನು ಇಟ್ಟುಕೊಳ್ಳುವಂತಿರಲಿಲ್ಲ. ಊರಿಗೆ ಮಾತಾಡಬೇಕಾದವರು ನನ್ನ ಅಂಗಡಿಗೆ ಬರುತ್ತಿದ್ದರು. ಮೇಷ್ಟ್ರ ಹೆಂಡತಿ, ಮಗಳು ದೂರದಲ್ಲಿ ಆಕೆಯ ತಾಯಿಯ ಮನೆಯಲ್ಲಿದ್ದರು. ಮಗಳನ್ನು ಅವರು ಚಿಣ್ಣಿ ಎನ್ನುತ್ತಿದ್ದರು. ಭಾನುವಾರ ಫೋನಿನ ಧ್ವನಿ ಜೋರಾಗುವ ಗುಂಡಿ ಒತ್ತಿ, ಕಟ್ಟೆಯ ಈಚೆ ನಾನು, ಆಚೆ ಅವರು, ಎದುರುಬದುರು ನಿಲ್ಲುತ್ತಿದ್ದೆವು. ಚಿಣ್ಣಿ ಹೇಳಿದ್ದನ್ನು ನಾನು ಸದ್ದಿಲ್ಲದೆ ತುಟಿಯಲ್ಲಿ ಆಡಿದ್ದರೂ ಸಾಕಿತ್ತು. ಆದರೆ ಸುಮ್ಮನೆ ಬಾಯಾಡಿಸಿದರೆ ನನ್ನ ತುಟಿ ಅಡಕೆ ಜಗಿದ ಹಾಗೆ ಕಾಣುತ್ತದೆಂದು ಅವರ ದೂರು. ಹಾಗಾಗಿ ಗಟ್ಟಿಯಾಗಿಯೇ ಹೇಳಬೇಕಾಯಿತು.

"ಅಪ್ಪಾ, ನನ್ನ ಹಲ್ಲು ಬಿತ್ತು" ಎಂದಿತು ಫೋನು.

"ಅಪ್ಪಾ, ನನ್ನ ಹಲ್ಲು ಬಿತ್ತು" ಎಂದೆ ನಾನು.

ಪಾಲಿಷು ಕೊಳ್ಳಲು ಬಂದಿದ್ದವನೊಬ್ಬ ನನ್ನ ಕಟ್ಟಿಸಿದ ಹಲ್ಲಿನ ಕಡೆ ಕನಿಕರದಿಂದ ನೋಡಿದ.

"ಯಾವ ಹಲ್ಲು ಚಿಣ್ಣಿ?" ಎಂದರು ಮೇಷ್ಟ್ರು.

"ಮುಂದಿಂದು. ಅದರಲ್ಲಿ ನಾಲಿಗೆ ತೂರತ್ತೆ. ಅಪ್ಪಾ, ಅಲ್ಲಿ ಯಾರೋ ತಾತ ನನ್ನ ಅಣಕಿಸ್ತಿದಾರೆ."

ಅದನ್ನೂ ನಾನೇ ಹೇಳಬೇಕಾಯಿತು. ಮೇಷ್ಟ್ರು ನಗು ತಡೆದುಕೊಂಡು, "ಅಣಕ ಅಲ್ಲ ಮಗಾ. ಈ ಊರಿನ ಫೋನೇ ಹಾಗೆ. ಹೇಳಿದ್ದನ್ನ ಇನ್ನೊಂದ್ಸಲ ಹೇಳತ್ತೆ" ಎಂದರು. ಅವತ್ತಿನಿಂದ ನನಗೆ ಫೋನ್ ತಾತ ಎಂದು ಹೆಸರಾಯಿತು. ಮಗು ಜಾಣೆ. ಒಂದು ಮಾತು ಹೇಳಿ ನಿಲ್ಲಿಸುವುದು, ತಾತ ಮುಗಿಸಿದ ಮೇಲೆ ಮುಂದಿನ ಮಾತು ಎತ್ತುವುದು, ಎಲ್ಲ ತಾನಾಗಿ ಕಲಿತಳು. ಜ್ವರ ಬಂದದ್ದು, ಸೈಕಲ್ಲಿನಿಂದ ಬಿದ್ದದ್ದು, ಪಕ್ಕದ ಮನೆಯವಳ ಜೊತೆ ಟೂ ಬಿಟ್ಟದ್ದು, ಎಲ್ಲವನ್ನೂ ನಾನು ಈ ಒಡಕು ಗಂಟಲಲ್ಲಿ ಒಪ್ಪಿಸಿದೆ. ಸಿಪಾಯಿಗಳು ಸಾಲಾಗಿ ನಿಂತ ಅಂಗಡಿಯಲ್ಲಿ "ನಂಗೆ ಗುಲಾಬಿ ಬಣ್ಣದ ಲಂಗ ಬೇಕು" ಎಂದು ಕೂಗಿದ ವ್ಯಾಪಾರಿ ನಾನೊಬ್ಬನೇ ಇರಬೇಕು.

ಹೆಂಡತಿಗೂ ಅವರು ಹೇಳಿರಲಿಲ್ಲ. ರಜೆಯಲ್ಲಿ ಹೋದಾಗ ಅವಳ ಎದುರಿಗೇ ಕೂತು, ಅವಳ ಮುಖದಿಂದ ಕಣ್ಣು ತೆಗೆಯದೆ ಮಾತು ಕೇಳಿಸಿಕೊಳ್ಳುತ್ತಿದ್ದರಂತೆ. "ಮದುವೆಯಾದಾಗಲೂ ನನ್ನ ಇಷ್ಟು ನೋಡಿರ್ಲಿಲ್ಲ ನೀವು ಅಂತ ಖುಷಿಪಟ್ಳು ಯಜಮಾನ್ರೇ" ಎಂದು ಹೇಳಿ ಮೇಷ್ಟ್ರು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. "ಅದೊಂದು ಖುಷಿ ಇರ್ಲಿ ಅಂತ ಬಿಟ್ಟೆ."

ಪಟ್ಟಿ ಬಂದರೆ ಏನಾಗುತ್ತಿತ್ತು ಎಂಬುದು ನನ್ನ ಅಂಗಡಿಯ ತಾರಸಿಯಿಂದಲೇ ಕಾಣುತ್ತಿತ್ತು. ಶಿಬಿರದ ನೀರಿನ ಟ್ಯಾಂಕಿನ ಹಿಂದೆ ಎರಡು ಕೋಣೆಯ ಒಂದು ಮನೆ. ಹಸಿರು ಕಿಟಕಿ, ಹೊರಗೊಂದು ನಲ್ಲಿ, ಬಟ್ಟೆ ಹರವಲು ತಂತಿ. ಮೈದಾನದ ಹಿರಿಯ ಬೋಧಕನಿಗೆಂದು ಮೀಸಲು, ಮೂರು ಪಟ್ಟಿಯವರಿಗೆ ಮಾತ್ರ. ಆ ಹುದ್ದೆ ಆ ವರ್ಷ ಖಾಲಿಯಾಗುವುದಿತ್ತು. ಸಾಲಿನಲ್ಲಿ ಮೊದಲು ಮೇಷ್ಟ್ರು, ಎರಡನೆಯವನು ಅದೇ ಮೈದಾನದಲ್ಲಿ ಬೋಧಕನಾಗಿದ್ದ ನನ್ನ ಅಳಿಯ. ಮೇಷ್ಟ್ರಿಗೆ ಅದು ಕೊನೆಯ ಸಲ. ಎರಡು ಪಟ್ಟಿಯಲ್ಲೇ ಇರುವವರು ಇಷ್ಟು ವರ್ಷವೆಂದಾದ ಮೇಲೆ ಸೇವೆ ಮುಗಿಸಿ ಹೊರಡಬೇಕೆಂಬುದು ನಿಯಮ, ಆ ಗಡುವು ಹತ್ತಿರವಾಗಿತ್ತು. ಪಟ್ಟಿ ಬಂದರೆ ಉಳಿಯಬಹುದು, ಹೆಂಡತಿ ಮಗಳನ್ನು ಆ ಹಸಿರು ಕಿಟಕಿಯ ಮನೆಗೆ ಕರೆತರಬಹುದು. ಮಗು ಹುಟ್ಟಿದಾಗಿನಿಂದ ಮೇಷ್ಟ್ರು ಅವರಿಬ್ಬರ ಪಾಲಿಗೆ ಬಂದು ಹೋಗುವ ನೆಂಟರಾಗಿಯೇ ಇದ್ದರು.

ಬಟ್ಟೆ ಒಣಹಾಕಲು ತಾರಸಿಗೆ ಹೋದಾಗಲೆಲ್ಲ ನನ್ನ ಮಗಳೂ ಅದೇ ಕಿಟಕಿ ನೋಡುತ್ತಿದ್ದಳು.

ಅಡ್ಡವಿದ್ದದ್ದು ವೈದ್ಯಕೀಯ ತಪಾಸಣೆಯೊಂದೇ. ಕಿವಿಯ ಪರೀಕ್ಷೆ ಬಹಳ ಸರಳ. ಸಿಪಾಯಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಡಾಕ್ಟರು ಹಿಂದಿನಿಂದ ಪಿಸುಗುಡುತ್ತಾರೆ. ಕೇಳಿದ್ದನ್ನು ಅವನು ಗಟ್ಟಿಯಾಗಿ ಹೇಳಬೇಕು. ಅದಕ್ಕೂ ಮೇಷ್ಟ್ರು ಯೋಜನೆ ಹಾಕಿದ್ದರು, ಮುಲಾಮು ಕೈ ಜೋಡಿಸಿದ್ದ. ಎದುರಿನ ಗೋಡೆಗೆ ಔಷಧದ ಬೀರುವಿದೆ. ಅದರ ಗಾಜಿನ ಬಾಗಿಲನ್ನು ಇಂತಿಷ್ಟು ತೆರೆದಿಟ್ಟರೆ ಹಿಂದೆ ನಿಂತವರ ಬಾಯಿ ಅದರಲ್ಲಿ ಕಾಣುತ್ತದೆ.

ಅಭ್ಯಾಸ ನಡೆದದ್ದು ನನ್ನ ಅಂಗಡಿಯ ನಿಲುಗನ್ನಡಿಯ ಮುಂದೆ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ.

"ಕಿಟಕಿ" ಎಂದು ನಾನು ಹಿಂದೆ ನಿಂತು ಪಿಸುಗುಟ್ಟಿದೆ.

"ಕಿಟಕಿ."

"ಹದಿನೆಂಟು."

"ಹದಿನೆಂಟು."

"ಬೂಟಿನ ದಾರದ ಬೆಲೆ ಏರಿದೆ."

"ಕೇಳಿಸ್ಲಿಲ್ಲ."

ಯಂತ್ರದ ಮುಂದಿದ್ದ ನನ್ನ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಮೇಷ್ಟ್ರು ಹೋದ ಮೇಲೆ ಒಂದು ದಿನ ದಾರ ಕಡಿಯುತ್ತಾ ಕೇಳಿದಳು. "ಅಪ್ಪ, ನೀನು ಯಾರ ಕಡೆ?"

"ವ್ಯಾಪಾರಿ ಯಾವಾಗ್ಲೂ ಗಿರಾಕಿ ಕಡೆ."

"ಇಷ್ಟು ವರ್ಷದಲ್ಲಿ ದಾರ ಬಿಟ್ಟು ಏನು ತಗೊಂಡಿದಾರೆ ಆ ಗಿರಾಕಿ?"

ನಾನು ಕತ್ತಿನ ಟೇಪು ತೆಗೆದು ಸುತ್ತತೊಡಗಿದೆ. ಅವಳೇ, "ಆ ಮಗುಗೆ ನಲ್ಲಿ ನೀರಲ್ಲಿ ಆಡೋ ವಯಸ್ಸು. ಅವರಿಗೇ ಆಗ್ಲಿ ಬಿಡು" ಎಂದು ಯಂತ್ರ ತುಳಿದಳು.

ತಪಾಸಣೆಗೆ ಒಂದು ವಾರವಿದ್ದಾಗ ಅಳಿಯ ಊಟಕ್ಕೆ ಬಂದವನು ಅನ್ನ ಕಲಸುತ್ತಾ ಕೂತ, ಬಾಯಿಗಿಡಲಿಲ್ಲ.

"ಏನಾಯ್ತು ಅಳಿಯಂದ್ರೇ? ಸಾರಿಗೆ ಉಪ್ಪಿಲ್ಲ ಅಂತ ನಂಗೂ ಗೊತ್ತು, ಅವಳ ಮುಂದೆ ಹೇಳೋ ಧೈರ್ಯ ಇಲ್ಲ ಅಷ್ಟೆ."

"ಇವತ್ತು ಮೈದಾನದಲ್ಲಿ ಒಬ್ಬ ಹೋಗಿಬಿಡ್ತಿದ್ದ ಮಾವ."

ನಡೆದದ್ದು ಇಷ್ಟು. ಗುರಿ ಹಲಗೆಗಳನ್ನು ಬದಲಿಸುವವನು ಕಂದಕದಲ್ಲಿ ಕೂತಿರುತ್ತಾನೆ. ಒಂದು ಸುತ್ತು ಮುಗಿಯಿತೆಂದು ತಪ್ಪಾಗಿ ತಿಳಿದು ಅವನು ಮೇಲೆ ಬಂದ. ಬಂದೂಕು ಹಿಡಿದು ಮಲಗಿದ್ದ ಹೊಸಬನೊಬ್ಬ ಅವನನ್ನು ಕಂಡು "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದ. ಮೈದಾನದಲ್ಲಿ ಆ ಮಾತನ್ನು ಯಾರು ಬೇಕಾದರೂ ಕೂಗಬಹುದು, ಕೂಗಿದ ಕೂಡಲೇ ಎಲ್ಲರೂ ನಿಲ್ಲಿಸಬೇಕು. ಮೇಷ್ಟ್ರು ಆ ಹೊಸಬನ ಹಿಂದೆಯೇ ನಿಂತಿದ್ದರು. ನಿಂತಿದ್ದವರು, "ಹಾರಿಸಿ" ಎಂದು ಅಪ್ಪಣೆ ಕೊಟ್ಟರು. ಕೂಗು ತಲುಪದ ಆ ತುದಿಯಲ್ಲಿದ್ದ ಇಬ್ಬರು ಹಾರಿಸಿದರು. ಅಷ್ಟರಲ್ಲಿ ಅಳಿಯ ಓಡಿ ಕೆಂಪು ಬಾವುಟ ಎತ್ತಿದ್ದ, ಮತ್ತೆ ಯಾರೂ ಹಾರಿಸಲಿಲ್ಲ. ಹಾರಿದ ಎರಡು ಗುಂಡೂ ಮಣ್ಣಿಗೆ ಹೊಕ್ಕವು. ಕಂದಕದವನಿಗೆ ಏನೂ ಆಗಲಿಲ್ಲ, ಅಲ್ಲೇ ಕೂತು ವಾಂತಿ ಮಾಡಿಕೊಂಡನಷ್ಟೆ.

"ಸಾಹೇಬರು ಕೇಳಿದ್ರು. ಗಾಳಿ ಜೋರಿತ್ತು, ಕೂಗು ಕೇಳಿಸಿರಲ್ಲ ಅಂದೆ. ಎಲ್ರೂ ಹಾಗೇ ಅಂದ್ರು."

"ಗಾಳಿ ಇತ್ತಾ?"

ಅಳಿಯ ತಟ್ಟೆ ನೋಡುತ್ತಾ, "ಬಾವುಟ ಜೋತುಬಿದ್ದಿತ್ತು ಮಾವ" ಎಂದ.

ಮರುದಿನ ಮೇಷ್ಟ್ರು ಬಂದರು. ಕನ್ನಡಿಯ ಮುಂದೆ ನಿಲ್ಲಲಿಲ್ಲ, ಬೆಂಚಿನ ಮೇಲೆ ಕೂತರು.

"ಅವನ ದನಿ ಹೇಗಿತ್ತಂತೆ?"

"ಯಾರದು?"

"ಕೂಗಿದವನದು. ನಿಮ್ಮ ಅಳಿಯ ಹೇಳಿರ್ತಾನಲ್ಲ."

"ಸಣ್ಣ ದನಿಯಂತೆ. ಹೆಣ್ಣುಮಕ್ಕಳ ಥರ."

ಅವರು ತಲೆಯಾಡಿಸಿದರು. "ಚಿಣ್ಣಿ ಕೂಗಿದ್ರೂ ನಾನು ಹಾರಿಸಿ ಅಂತಿದ್ದೆ."

ನಾನು ವ್ಯಾಪಾರಿ, ಮಾತಿನಲ್ಲಿ ಸೋಲುವವನಲ್ಲ. ಪಟ್ಟಿ ಬಂದ ಮೇಲೆ ಯಾವುದಾದರೂ ಕಚೇರಿ ಕೆಲಸ ಕೇಳಿಕೊಳ್ಳಿ ಎಂದೆ. ಇನ್ನೊಬ್ಬ ಬೋಧಕನನ್ನು ಪಕ್ಕಕ್ಕಿಟ್ಟುಕೊಳ್ಳಿ ಎಂದೆ. ಒಂದು ಸಲ ಆದದ್ದು ಇನ್ನೊಂದು ಸಲ ಆಗುತ್ತದೆಯೇ ಎಂದೆ. ಒಂದೊಂದಕ್ಕೂ ಅವರು ನನ್ನ ಬಾಯನ್ನು ಶ್ರದ್ಧೆಯಿಂದ ನೋಡಿದರು.

"ಯಜಮಾನ್ರೇ, ಅದು ಹಿರಿಯ ಬೋಧಕನ ಪಟ್ಟಿ. ಅದನ್ನ ಹಾಕ್ಕೊಂಡೋನ ಒಂದು ಮಾತಿಗೆ ಮೈದಾನ ಪೂರ್ತಿ ಗುಂಡು ಹಾರಿಸತ್ತೆ."

"ಮನೆ?" ಎಂದೆ. ಬೇರೇನೂ ಹೊಳೆಯಲಿಲ್ಲ. "ಹೆಂಡತಿ, ಮಗಳು?"

ಅದನ್ನು ಅವರು ನೋಡಲಿಲ್ಲ. ಎದ್ದು, ಕನ್ನಡಿಯಲ್ಲಿ ಟೋಪಿ ಸರಿಮಾಡಿಕೊಂಡು ಹೊರಟರು. ಅವರು ಏನು ಮಾಡುತ್ತಾರೆಂದು ನನಗೆ ಆಗಲೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದೇ ಇವತ್ತಿಗೂ ನನ್ನ ಅಂದಾಜು.

ತಪಾಸಣೆಯ ದಿನ ಮುಲಾಮು ಬಿಳಿ ಕೋಟಿನಲ್ಲೇ ರಸ್ತೆ ದಾಟಿ ಬಂದ.

"ಬೀರು ಬಾಗಿಲು ಸರಿಯಾಗಿ ಇಟ್ಟಿದ್ಯೇನೋ?" ಎಂದೆ.

"ಇಟ್ಟಿದ್ದೆ ಯಜಮಾನ್ರೇ. ಡಾಕ್ಟ್ರ ಮೀಸೆ ಕೂಡ ಎಣಿಸಬಹುದಿತ್ತು. ಮೇಷ್ಟ್ರು ಗಾಜು ನೋಡಿದ್ರು. ನನ್ನನ್ನ ನೋಡಿದ್ರು. ಆಮೇಲೆ ಕಣ್ಣು ಮುಚ್ಕೊಂಡ್ರು."

"ಮುಚ್ಕೊಂಡು?"

"ಸುಮ್ನೆ ನಿಂತ್ರು. ಡಾಕ್ಟ್ರು ಒಂದಾದ ಮೇಲೊಂದು ಮಾತು ಹೇಳ್ತಾನೇ ಇದ್ರು. ಹತ್ತಿರ ಬಂದ್ರು, ಇನ್ನೂ ಹತ್ತಿರ ಬಂದ್ರು. ಎಲ್ಲ ಮುಗಿದ ಮೇಲೆ ಭುಜ ಮುಟ್ಟಿದ್ರು." ಅವನ ಬಾಯಿ ಸೊಟ್ಟಗಾಯಿತು. "ಮೇಷ್ಟ್ರು ಕಣ್ಣು ಬಿಡದೇನೇ, ನಾನು ತಯಾರಿದೀನಿ ಸಾರ್, ಶುರು ಮಾಡಿ, ಅಂದ್ರು."

ಮಗಳ ಯಂತ್ರ ನಿಂತಿತು. ನಾನು ಪಾಲಿಷು ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿದೆ. ಮೊದಲೇ ಜೋಡಿಸಿದ್ದವು ಅವು.

ಆದೇಶ ಹಲಗೆಗೆ ಬಿತ್ತು. ಮೂರನೆಯ ಪಟ್ಟಿ ನನ್ನ ಅಳಿಯನಿಗೆ. ಮೇಷ್ಟ್ರು ಗಡುವಿನ ಪ್ರಕಾರ ಎರಡು ಪಟ್ಟಿಯಲ್ಲೇ ಸೇವೆ ಮುಗಿಸಿ ಹೊರಡಬೇಕು. ಅಳಿಯ ಅಂಗಡಿಗೆ ಬಂದರೂ ಗಾಜಿನ ಪೆಟ್ಟಿಗೆಯ ಕಡೆ ಹೋಗಲಿಲ್ಲ. "ಅವರ ತೋಳಿಂದ ಕಿತ್ತು ನಂಗೆ ಹಾಕಿದ ಹಾಗಿದೆ ಮಾವ, ನಂಗೆ ಬೇಡ" ಎಂದು ಬೆಂಚಿನ ಮೇಲೆ ಕೂತುಬಿಟ್ಟ. ಅವನು ಕೂತಿರುವಾಗಲೇ ಮೇಷ್ಟ್ರು ಬಂದರು. ಎಂದಿನ ಹಾಗೆ ಬೂಟು ಮಿಂಚುತ್ತಿತ್ತು.

"ಎದ್ದೇಳೋ. ತೋಳು ಕೊಡು."

ಪೆಟ್ಟಿಗೆಯಿಂದ ಮೂರು ಪಟ್ಟಿಯ ಬಟ್ಟೆಯನ್ನು ತಾವೇ ತೆಗೆದರು. ಭುಜದ ಹೊಲಿಗೆಯಿಂದ ನಾಲ್ಕು ಬೆರಳು ಇಳಿಸಿ "ಇಲ್ಲಿ" ಎಂದರು. ಅಳಿಯ ಅಂಗಿ ಬಿಚ್ಚಿಕೊಟ್ಟ. ನನ್ನ ಮಗಳು ಯಂತ್ರದ ಸೂಜಿಗೆ ದಾರ ಪೋಣಿಸಲು ಹೋದಳು, ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಮೇಷ್ಟ್ರು ಅವಳ ಕೈಯಿಂದ ಅಂಗಿ ತೆಗೆದುಕೊಂಡು, "ಇರಲಿ ಬಿಡಿ ತಾಯಿ, ನಾನು ಕೈಯಲ್ಲೇ ಹಾಕ್ತೀನಿ" ಎಂದು ಬೆಂಚಿನ ಮೇಲೆ ಕೂತು ಹೊಲಿಯತೊಡಗಿದರು. ತಾವು ಹಾಕಿಕೊಳ್ಳಬೇಕಿದ್ದ ಪಟ್ಟಿಯನ್ನು ಇನ್ನೊಬ್ಬನ ತೋಳಿಗೆ ಅಷ್ಟು ಸಣ್ಣ ಹೊಲಿಗೆಯಲ್ಲಿ ಹೊಲಿಯುವುದನ್ನು ನಾನು ನಿಂತು ನೋಡಿದೆ. ಎಲ್ಲೂ ಒಂದು ನೆರಿಗೆ ಬೀಳಲಿಲ್ಲ.

ಹೊಲಿದು, ದಾರ ಕಚ್ಚಿ, ಅಂಗಿಯನ್ನು ಅಳಿಯನ ಕೈಗಿಟ್ಟರು. "ನಾಳೆಯಿಂದ ಮೈದಾನಕ್ಕೆ ಹೋದಾಗ ಕಿವಿಗೆ ಹತ್ತಿ ಇಟ್ಕೋ. ಉಳಿದವರಿಗೂ ಇಡಿಸು. ಬಾಣಂತಿ ಅಂದ್ರೆ ಅನ್ನಲಿ. ಈ ಪಟ್ಟಿ ಇದ್ದೋನಿಗೆ ಎದುರಿಗೆ ಅನ್ನಲ್ಲ ಯಾರೂ."

ಆಮೇಲೆ ಫೋನಿನ ಕಡೆ ತಿರುಗಿದರು. ಅವತ್ತು ಭಾನುವಾರವಲ್ಲ. ಆದರೂ ಚಿಣ್ಣಿಯೇ ಎತ್ತಿಕೊಂಡಳು.

"ಅಪ್ಪಾ, ನೀನು ಪೂರ್ತಿ ಬರ್ತಿದೀಯಂತೆ? ಅಮ್ಮ ಹೇಳಿದ್ಳು" ಎಂದು ನಿಲ್ಲಿಸಿದಳು.

"ಅಪ್ಪಾ, ನೀನು ಪೂರ್ತಿ ಬರ್ತಿದೀಯಂತೆ? ಅಮ್ಮ ಹೇಳಿದ್ಳು" ಎಂದೆ.

"ಹೌದು ಚಿಣ್ಣಿ. ಮತ್ತೆ ಹೋಗಲ್ಲ."

"ಹಾಗಾದ್ರೆ ಫೋನ್ ತಾತನೂ ಬರ್ತಾನಾ?"

ನಾನು ಹೇಳಲು ಬಾಯಿ ತೆರೆದೆ. ಹೇಳಿದೆನೋ ಇಲ್ಲವೋ ನನಗೆ ನೆನಪಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದವರು ಹೇಗೋ ತಿಳಿದುಕೊಂಡರು. "ಇಲ್ಲ ಮಗಾ, ತಾತನಿಗೆ ಅಂಗಡಿ ಇದೆ" ಎಂದು ಫೋನು ಇಟ್ಟರು. ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

"ಯಜಮಾನ್ರೇ, ಅವಳು ಆಡಿದ್ದೆಲ್ಲ ನಿಮ್ಮ ದನೀಲಿ ಕೇಳಿದೀನಿ. ಅವಳ ದನಿ ಹೇಗಿದೆ?"

ಸರಕಿನ ಗುಣ ಹೇಳುವುದೇ ನನ್ನ ಕಸುಬು. ದಾರ, ಬಟ್ಟೆ, ಹಿತ್ತಾಳೆ, ಯಾವುದರ ಬಗ್ಗೆ ಕೇಳಿದರೂ ನಿಂತಲ್ಲೇ ಅರ್ಧ ಗಂಟೆ ಹೊಗಳಬಲ್ಲೆ. ಅವತ್ತು "ಚೆನ್ನಾಗಿದೆ ಮೇಷ್ಟ್ರೇ" ಎಂದಷ್ಟೇ ಹೇಳಲು ಬಂತು. ಅವರು ಅದನ್ನೇ ಪೊಟ್ಟಣ ಕಟ್ಟಿಸಿಕೊಂಡವರ ಹಾಗೆ ತಲೆಯಾಡಿಸಿ ಹೋದರು.

ಕೆಲವು ತಿಂಗಳಾದ ಮೇಲೆ ಅವರ ಹೆಂಡತಿ ಫೋನು ಮಾಡಿದ್ದರು. ಮೇಷ್ಟ್ರು ಆರೋಗ್ಯವಾಗಿದ್ದಾರೆ, ಊರಿನ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿದೆ. ಹಗಲಿನ ಪಾಳಿ ಮಾತ್ರ ಕೊಟ್ಟಿದ್ದಾರೆ. "ನನ್ನ ಮುಖ ಯಾಕೆ ಅಷ್ಟು ನೋಡ್ತಿದ್ರು ಅಂತ ಈಗ ಗೊತ್ತಾಯ್ತು" ಎಂದು ಆಕೆ ನಗಲು ನೋಡಿದರು. ಮಗು ಮನೆಯಲ್ಲೂ ಅಪ್ಪನ ಎದುರು ಒಂದು ಮಾತು ಹೇಳಿ ಸುಮ್ಮನೆ ನಿಲ್ಲುತ್ತಾಳಂತೆ, ಯಾರಾದರೂ ಇನ್ನೊಮ್ಮೆ ಹೇಳಲಿ ಎಂದು. ಯಾರೂ ಹೇಳದಿದ್ದರೆ ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ತಾನೇ ಹೇಳುತ್ತಾಳಂತೆ, ದನಿ ದಪ್ಪ ಮಾಡಿಕೊಂಡು, ನನ್ನ ಹಾಗೆ.

ಬೆಂಚು ಈಗಲೂ ಅಲ್ಲೇ ಇದೆ. ದಾರಿ ಕೇಳಿಕೊಂಡು ಬರುವವರೂ ಇದ್ದಾರೆ, ದಾರಿ ಹೇಳುವವರಿಲ್ಲ. ನನ್ನ ಮಗಳು ನೀರಿನ ಟ್ಯಾಂಕಿನ ಹಿಂದಿನ ಮನೆಯಲ್ಲಿದ್ದಾಳೆ. ಹಸಿರು ಕಿಟಕಿಗೆ ಪರದೆ ಹಾಕಿದ್ದಾಳೆ, ತಂತಿಯ ಮೇಲೆ ಅವಳ ಬಟ್ಟೆ ಒಣಗುತ್ತದೆ, ನಲ್ಲಿಯ ಕೆಳಗೆ ಇನ್ನು ಸ್ವಲ್ಪ ದಿನಕ್ಕೆ ಅವಳ ಮಗು ಆಡುತ್ತದೆ. ಅಳಿಯನ ಕಿವಿ ಚೆನ್ನಾಗಿದೆ. ಆ ಮನೆಯೂ ಆ ಕಿವಿಯೂ ನಾನು ಪಟ್ಟಿಮೇಷ್ಟ್ರಿಗೆ ಕೊಡಬೇಕಾದ ಬಾಕಿ.